ಮೂರು ಗಂಟೆಯ ಕಡಲೆ

ಕ್ರೇನಿನ ಕ್ಯಾಬಿನ್ನಿಗೆ ನೆಲವೂ ಗಾಜಿನದೇ.
ಮೊಣಕಾಲುಗಳ ನಡುವಿಂದ ಬಗ್ಗಿ ನೋಡಬೇಕು,
ಮೂವತ್ತೈದು ಮೀಟರು ಕೆಳಗೆ
ಬೆಂಕಿಪೊಟ್ಟಣದಂಥ ಕಂಟೇನರು, ಅದರ ನಾಲ್ಕು ಮೂಲೆ.
ತೊಂಬತ್ತಾರು ಕಿಲೋ ಆದ ವರ್ಷ
ನನಗೆ ಕಂಡದ್ದು ನನ್ನದೇ ಹೊಟ್ಟೆ.

ಸೊಹಾರಿಗೆ ಬಂದಾಗ ಗಾಳದ ಹುರಿಯಂತಿದ್ದೆ.
ಹನ್ನೊಂದು ವರ್ಷ ಕೂತು ಗಳಿಸಿದ್ದು ಇದು:
ಮೆಸ್ಸಿನ ಬಿಳಿ ಅನ್ನದ ಗುಡ್ಡೆ, ಮೇಲೆ ಎರಡು ಕುಬೂಸು,
ಕರಕ್ ಚಾ ದಿನಕ್ಕೆ ಆರು ಕಪ್ಪು,
ಬೇಜಾರಿಗೊಂದು, ಸಂಬಳ ಬಂದದ್ದಕ್ಕೊಂದು,
ಬಾರದ್ದಕ್ಕೆ ಎರಡು.

ಉಪವಾಸ ಬಿದ್ದೆ. ಬೆಳಿಗ್ಗೆ ಏನಿಲ್ಲ, ಮಧ್ಯಾಹ್ನ ನೀರು.
ನಾಲ್ಕನೆಯ ದಿನ ತೂಕದ ಮುಳ್ಳು ನೋಡಿ ಕುಣಿದೆ.
ಐದನೆಯ ದಿನ, ಮೂರು ಗಂಟೆಗೆ,
ಪೆಟ್ಟಿಗೆ ನಡುಗಾಳಿಯಲ್ಲಿ ತೂಗುತ್ತಿರುವಾಗ
ಬೆರಳ ತುದಿಗೆ ಮೀನು ಕಚ್ಚಿದಂತೆ ನಡುಕ.
ಆಗಸ್ಟಿನ ಆ ಬೆಂಕಿಯಲ್ಲಿ
ಕುತ್ತಿಗೆಯ ಮೇಲೆ ತಣ್ಣನೆಯ ಬೆವರು.
ಹಡಗು ಎರಡಾಯಿತು. ಸಮುದ್ರವೂ.
ಕೈ ತೆಗೆದೆ. ಕೈ ತೆಗೆದರೆ ಕ್ರೇನು ನಿಲ್ಲುತ್ತದೆ,
ಕಬ್ಬಿಣಕ್ಕೆ ಅಷ್ಟು ಬುದ್ಧಿಯಿದೆ.
ಕೆಳಗಿಂದ ರೇಡಿಯೋದಲ್ಲಿ ಗುಲ್ ಜರೀನ್:
"ವಾಮನ್ ಭಾಯಿ, ನಿದ್ದೆಯಾ?"

ಇಳಿಸಿ ಬೆರಳಿಗೆ ಚುಚ್ಚಿದರು. ಐವತ್ತೆಂಟು.
ಸುಡಾನಿನ ಡಾಕ್ಟರಮ್ಮ ಇಹ್ಸಾನ್
ಜ್ಯೂಸು ಕುಡಿಸಿ, ಕಾದು, ಮತ್ತೆ ಚುಚ್ಚಿ, ಆಮೇಲೆ ಬೈದರು:
ತೂಕ ಇಳಿಸಲು ಹೊರಟು ಸಕ್ಕರೆ ಇಳಿಸಿದ್ದೀಯ.
ತೆಳ್ಳಗಾಗಬೇಕಾದರೆ ತಿನ್ನು,
ಸ್ವಲ್ಪ, ಹೊತ್ತಿಗೆ ಸರಿಯಾಗಿ.
ಖರ್ಜೂರವನ್ನು ಒಂಟಿಯಾಗಿ ಬಾಯಿಗೆ ಬಿಡಬೇಡ,
ಏಣಿಯಿಲ್ಲದೆ ಮೇಲೆ ಹತ್ತಿಸಿ
ಅಲ್ಲಿಂದಲೇ ದೂಡುತ್ತದೆ; ಜತೆಗೊಂದು ಬಾದಾಮಿ ಇರಲಿ.
ಅನ್ನ ಒಂದು ಮುಷ್ಟಿ. ಮೀನು ಧಾರಾಳ.
ಮೊಗೇರರ ಹುಡುಗನಿಗೆ ಬಂಗುಡೆ ತಿನ್ನೆಂದು ಔಷಧಚೀಟಿ!
ಸುಗಂಧಿ ಫೋನಿನಲ್ಲಿ ನಕ್ಕ ನಗು
ಮುಂದಿನ ಶುಕ್ರವಾರದವರೆಗೂ ಬಂತು.

ಹಾಗೆ ಶುರುವಾಯಿತು ನನ್ನ ಡಬ್ಬಿಯ ಕಾಲ.
ಹತ್ತೂವರೆಗೆ ಮೊಟ್ಟೆ,
ಮೂರಕ್ಕೆ ದಂಗೊ, ಒಮಾನಿ ಅಜ್ಜಿಯೊಬ್ಬಳು
ಗೇಟಿನ ಹೊರಗೆ ಮಾರುವ ಬೇಯಿಸಿದ ಕಡಲೆ,
ನಿಂಬೆ ಹಿಂಡಿ, ಖಾರ ಉದುರಿಸಿ.

ಅಷ್ಟರಲ್ಲಿ ರಂಜಾನ್.
ಕೆಳಗೆ ಒಬ್ಬರೂ ನೀರು ಮುಟ್ಟುವುದಿಲ್ಲ.
ನಾನು ಮಾತ್ರ ಆಕಾಶದ ಗಾಜಿನ ಪೆಟ್ಟಿಗೆಯಲ್ಲಿ,
ಎಲ್ಲ ಕಡೆಯಿಂದಲೂ ಕಾಣುವ ಕಳ್ಳ.
ಡಬ್ಬಿ ತೆರೆದೆ. ಮುಚ್ಚಿದೆ.
ರೇಡಿಯೋ ಗೊರಗುಟ್ಟಿತು:
"ಮೂರಾಯ್ತು, ಭಾಯಿ. ತಿನ್ನು."
ನಸುಕಿನ ಐದಕ್ಕೆ ಕೊನೆಯ ಗುಟುಕು ಕುಡಿದವನು,
ಒಡೆದ ತುಟಿ, ಹಳದಿ ಟೊಪ್ಪಿ,
ನನ್ನ ಕೊಕ್ಕೆಯ ನೇರಕ್ಕೆ ನಿಂತು ಹೇಳುತ್ತಾನೆ:
"ನಿನ್ನ ಹೊಟ್ಟೆ ಖಾಲಿಯಾದರೆ
ಪೆಟ್ಟಿಗೆ ಬೀಳುವುದು ನನ್ನ ತಲೆಗೆ."

ಸಮುದ್ರದ ಕಡೆ ಮುಖ ಮಾಡಿ ತಿಂದೆ.
ರೇಡಿಯೋ ಬಟನ್ನು ಒತ್ತಿಲ್ಲವೆಂದು
ಎರಡು ಸಲ ನೋಡಿಕೊಂಡು ಅಗಿದೆ,
ಅವನ ಕಿವಿಗೆ ಕಡಲೆಯ ಸದ್ದು ಬೀಳಬಾರದು.
ಮೂವತ್ತು ದಿನವೂ ಮೂರಕ್ಕೆ ಅದೇ ಎರಡು ಮಾತು.
ಒಮ್ಮೆ ಎರಡು ನಿಮಿಷ ತಡವಾಯಿತು,
ಹಸಿವಲ್ಲ, ಗಾಬರಿಯಾಯಿತು ನನಗೆ.

ಸಂಜೆ ಬಾಂಗು ಆಗುವಾಗ ಇಳಿಯುತ್ತಿದ್ದೆ.
ಅವನು ಕುಡಿಯುವುದನ್ನು ನೋಡುವುದು ಚಂದ:
ಗಂಟಲಲ್ಲಿ ನೀರು ಇಳಿಯುವುದು ಹೊರಗೆ ಕಾಣುತ್ತದೆ.
ತನ್ನ ಪಾಲಿನಿಂದ ನನಗೊಂದು ಖರ್ಜೂರ ಕೊಡುವನು,
ಬೀಜ ತೆಗೆದು
ಒಳಗೆ ಬಾದಾಮಿ ಸಿಕ್ಕಿಸಿ.

ಈಗ ಎಂಬತ್ತೆಂಟು ಕಿಲೋ.
ಮೊಣಕಾಲ ನಡುವೆ ಮೂರು ಮೂಲೆ ಕಾಣುತ್ತವೆ.
ನಾಲ್ಕನೆಯದನ್ನು
ಅವನೇ ಹೇಳುತ್ತಾನೆ.